ಲೆಕ್ಕದ ಮೇಷ್ಟ್ರ ಅಡ್ಡಗೆರೆ

ನನಗಾಗ ಐವತ್ತಾರು, ಹನ್ನೊಂದು ವರ್ಷದ ಹಿಂದಿನ ಮಾತು. ಲೆಕ್ಕದ ಮೇಷ್ಟ್ರ ಎಡಗಾಲಿನ ಚಪ್ಪಲಿ ಒಂದು ಪಕ್ಕ ಸವೆದು ಹಪ್ಪಳದಂತಾಗಿತ್ತು. ಕುರ್ಚಿಯಲ್ಲಿ ಕೂತರೂ ಆ ಕಾಲು ನೆಲ ಉಜ್ಜುತ್ತಲೇ ಇರುತ್ತಿತ್ತು. ಕನ್ನಡಕ ತೆಗೆಯುವುದು, ಹಾಕುವುದು, ಎದ್ದು ಹೋಗಿ ಬಸ್ಸು ಬಂತಾ ಎಂದು ಇಣುಕುವುದು. ಹೋದ ವರ್ಷ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಯ ದಿನವೂ ಹೊದಿಕೆಯೊಳಗೆ ಆ ಕಾಲು ಆಡುತ್ತಿತ್ತಂತೆ. ಅದು ನಿಂತದ್ದನ್ನು ನಾನು ಕಂಡಿರುವುದು ಒಂದೇ ಸಲ.

ಅವರು ಶಾಲೆಯ ಮೇಷ್ಟ್ರಲ್ಲ. ಚಾಮರಾಜನಗರದ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಸುತ್ತಲ ಊರುಗಳಲ್ಲಿ ಲೆಕ್ಕ ಬರೆಯಲು ಹೊಸಬರನ್ನು ತೆಗೆದುಕೊಳ್ಳುವಾಗ ಪರೀಕ್ಷೆ ಮಾಡಲು ಅವರನ್ನೇ ಕರೆಸುತ್ತಿದ್ದರು. ಗುಂಡ್ಲುಪೇಟೆ ಪಕ್ಕದ ನಮ್ಮೂರಿನ ಹೆಂಗಸರ ಹಾಲಿನ ಡೇರಿಗೂ ಕರೆಸಿದೆವು. ನಾನು ಅಧ್ಯಕ್ಷೆ. ಆಗ ನನಗೆ ರುಜು ಹಾಕಲು, ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಅಷ್ಟೆ. ಈಗ ಹೇಗೋ ಇಷ್ಟು ಬರೆಯುತ್ತೇನೆ.

ಕೆಲಸಕ್ಕೆ ಬಂದವರು ಇಬ್ಬರು. ಭೀಮನಬೀಡಿನ ಒಬ್ಬ ಹುಡುಗಿ, ಮತ್ತೆ ನನ್ನ ಸೊಸೆ. ಮಗ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಈ ಕೆಲಸ ಸಿಗದಿದ್ದರೆ ಸೊಸೆ ಕೂಸು ಬಿಟ್ಟು ಮಾರನೆಯ ದಿನವೇ ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೊರಡಬೇಕು. ಮನೆಯಿಂದ ಒಬ್ಬರು ಬರುತ್ತಾರೆ ಎಂದು, ಜೀಪಿನಲ್ಲಿ ಆಳು ಕರೆದೊಯ್ಯುವ ಮೇಸ್ತ್ರಿಗೆ ಮಾತು ಕೊಟ್ಟಿದ್ದೆ. ಆದರೂ ನನಗೆ ಧೈರ್ಯವಿತ್ತು. ಹೆಣ್ಣು ನೋಡಲು ಹೋದಾಗಲೇ ಅವಳ ಕೈಯಲ್ಲಿ ಹೆಸರು ಬರೆಸಿ, ಮುತ್ತಿನಂಥ ಅಕ್ಷರ ನೋಡಿ ಒಪ್ಪಿಕೊಂಡು ಬಂದವಳು ನಾನು.

"ಅತ್ತೆ ಆಚೆಗೋಗವ್ವ. ಕಣ್ಸನ್ನೆ ಮಾಡಂಗಿಲ್ಲ," ಎಂದು ಮೇಷ್ಟ್ರು ನನ್ನನ್ನು ಹೊರಗೆ ಹಾಕಿದರು. ನಾನು ಕಿಟಕಿಗೆ ಹೋಗಿ ನಿಂತೆ.

ಅವರು ಓಡಾಡಿಕೊಂಡೇ ಹಾಲಿನ ಲೆಕ್ಕ ಹೇಳುತ್ತ ಹೋದರು, ಇಬ್ಬರೂ ಬರೆದುಕೊಂಡರು. ನಡುವೆ ತಟ್ಟನೆ, "ಅಯ್ಯೋ, ಬಾಯ್ತಪ್ಪಿ ಅಂದ್ಬುಟ್ಟೆ. ಈಗ ಬರ್ದಿದ್ದು ಅರವತ್ತಲ್ಲ, ಐವತ್ತು. ತಿದ್ಕಳ್ರವ್ವ," ಎಂದರು. ಆಮೇಲೆ ಅವರು ನೋಡಿದ್ದು ಹಾಳೆಯನ್ನಲ್ಲ, ಕೈಗಳನ್ನು.

ಭೀಮನಬೀಡಿನವಳದು ಕೋಳಿ ಕೆದಕಿದಂಥ ಬರವಣಿಗೆ. ಅರವತ್ತರ ಮೇಲೆ ಒಂದು ಗೆರೆ ಎಳೆದು, ಐವತ್ತು ಬರೆದು, ಪಕ್ಕದಲ್ಲಿ ರುಜು ಗೀಚಿದಳು. ನನ್ನ ಸೊಸೆ ವೈಟ್ನರ್ ತೆಗೆದು ಹಚ್ಚಿ, ಊದಿ ಒಣಗಿಸಿ, ಅದರ ಮೇಲೆ ಮುದ್ದಾಗಿ ಐವತ್ತು ಬರೆದಳು. ತಪ್ಪಿನ ಗುರುತೇ ಇಲ್ಲ. ನಾನು ಹಿಗ್ಗಿದೆ.

ಕೆಲಸ ಭೀಮನಬೀಡಿನವಳಿಗಾಯಿತು.

"ನನ್ ಸೊಸೆ ಲೆಕ್ಕ ತಪ್ಪಾಗದಾ?" ಎಂದು ಮೇಲೆ ಬಿದ್ದೆ.

"ಇಲ್ಲ ಕಣವ್ವ, ಎಲ್ಲಾ ಸರ್ಯಾಗದೆ."

"ಮತ್ತೆ? ಕೋಳಿಕಾಲಿಗೆ ಡೇರಿ ಕೆಲ್ಸ, ಮುತ್ತಿನಂತ ಅಕ್ಸರಕ್ಕೆ ಶುಂಠಿ ಗುದ್ಲಿಯಾ?"

ಆಗ ನಿಂತಿತು ಕಾಲು.

"ತಪ್ಪು ಆಯ್ತದೆ. ಅದ ಒರೆಸ್ಬಾರ್ದು, ಕಾಣ್ಬೇಕು. ಒರೆಸಿ ಬರ್ದ್ರೆ, ನಾಳೆ ಹಾಲು ಹಾಕೋ ಹೆಂಗಸ್ರು ಇವ್ಳೇ ಏನೋ ತಿದ್ಬುಟ್ಟವ್ಳೆ ಅಂತಾರೆ. ಅಧ್ಯಕ್ಷೆ ಸೊಸೆ ಬೇರೆ. ಆಗ ಅವಳ ಕಾಯಾದು ಆ ಅಡ್ಡಗೆರೆ ಒಂದೇ ಕಣವ್ವ. ನೀನಲ್ಲ."

ಸಿಟ್ಟಿನಲ್ಲಿ ಅದು ನನ್ನ ತಲೆಗೆ ಹೋಗಲಿಲ್ಲ. ಒಂದು ಲೋಟ ಕಾಫಿಯನ್ನೂ ಕೊಡದೆ ಬಸ್ಸಿಗೆ ಕಳಿಸಿದೆ. ಫುಟ್‌ಬೋರ್ಡಿನ ಮೇಲೆ ನಿಂತು ಹೇಳಿದರು: "ಒಂದ್ ತಿಂಗ್ಳು ಅವಳ ನನ್ ತಾವ ಕಳ್ಸು. ಕಾಸು ಬ್ಯಾಡ. ಆ ಬಿಳಿ ಡಬ್ಬಿ ಮನೇಲಿ ಬುಟ್ಟು ಬರ್ಲಿ."

"ಶುಂಠಿ ಕೀಳಕ್ಕೆ ನೀವ್ ಬಂದೀರಾ?" ಎಂದೆ. ನಕ್ಕರು. ಬಸ್ಸು ಹೊರಟಿತು.

ಸೊಸೆ ಈಗ ಗುಂಡ್ಲುಪೇಟೆಯ ಅರಿಶಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಮೊನ್ನೆ ಹೋಗಿ ಅವಳ ಪುಸ್ತಕ ತಿರುವಿದೆ. ಅಲ್ಲಲ್ಲಿ ಗೆರೆ, ಗೆರೆಯ ಪಕ್ಕ ಮುತ್ತಿನಂಥ ರುಜು. ಎಲ್ಲಿ ತಪ್ಪಿತ್ತು ಎಂದು ಲೆಕ್ಕ ಬಾರದ ನನಗೂ ಕಂಡಿತು.

ಪರೀಕ್ಷೆ ನಡೆದ ಆ ದಿನದ ಸಂಜೆ ಮಾತ್ರ ಒಲೆಗೂ ಬಾಗಿಲಿಗೂ ತಿರುಗಿ ತಿರುಗಿ ಸಾಕಾಯಿತು, ಮೇಷ್ಟ್ರ ಕಾಲು ನನಗೇ ಬಂದು ಸೇರಿದಂತೆ.

ಮಾರನೆಯ ಬೆಳಿಗ್ಗೆ ಕೂಸನ್ನು ಮಗನ ಪಕ್ಕ ಬಿಟ್ಟು, ದಿನಾ ಸಂಜೆಗೆ ಬಂದುಬಿಡು ಎಂದು ಸೊಸೆಯನ್ನು ಚಾಮರಾಜನಗರದ ಬಸ್ಸಿಗೆ ಹತ್ತಿಸಿದೆ. ಶುಂಠಿಯ ಜೀಪು ಇನ್ನೂ ಅಲ್ಲೇ ನಿಂತಿತ್ತು.

"ಸೊಸೆ ಎಲ್ಲವ್ವ?" ಎಂದ ಮೇಸ್ತ್ರಿ.

"ಮನೆಯಿಂದ ಒಬ್ರು ಅಂದಿದ್ದೆ, ಸೊಸೆ ಅಂದಿರ್ನಿಲ್ಲ. ಜರುಗ್ಲಾ," ಎಂದು ಹತ್ತಿ ಕೂತೆ.