ರಾಜ, ಎಕ್ಕ, ಎರಡು

ಹೋದ ತಿಂಗಳು ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹೋದಾಗ ನಮ್ಮನ್ನೆಲ್ಲ ಒಂದು ಹಾಸ್ಟೆಲಿನಲ್ಲಿ ಇಳಿಸಿದ್ದರು. ಭಾನುವಾರ ಊಟವಾದ ಮೇಲೆ ನನ್ನ ಕೋಣೆಯ ಮೂವರು ಲೆಕ್ಚರರುಗಳು ಇಸ್ಪೀಟಿನ ಕಟ್ಟು ತೆಗೆದರು. ಎಲೆಗಳು ಹಳೆಯವು, ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರು ತಮ್ಮ ಪೌಡರ್ ಡಬ್ಬಿ ತಂದು, ಎಲೆಗಳನ್ನು ಪತ್ರಿಕೆಯ ಮೇಲೆ ಹರವಿ, ಪೌಡರ್ ಉದುರಿಸಿ ಅಂಗೈಯಿಂದ ಸವರಿದರು. ಆ ವಾಸನೆ ನನ್ನ ಮಂಚದವರೆಗೆ ಬಂತು. ಹಳೆಯ ರಟ್ಟು, ಎಣ್ಣೆಗೈ, ಮೇಲೆ ಮಲ್ಲಿಗೆಯ ಪೌಡರ್.

"ನೀವೂ ಬನ್ನಿ ಮೇಡಂ, ಮೂರೇ ಜನಕ್ಕೆ ರಮ್ಮಿ ಕಳೆಗಟ್ಟಲ್ಲ" ಎಂದರು.

ಆಡಲು ಬರುವುದಿಲ್ಲ ಎಂದೆ. ಅದು ಸುಳ್ಳು. ನನಗೆ ರಮ್ಮಿ ಚೆನ್ನಾಗಿ ಬರುತ್ತದೆ. ಕಲಿಸಿದವರು ನನ್ನ ಅತ್ತಿಗೆ.

ನಮ್ಮದು ಶಿಕಾರಿಪುರ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಅಣ್ಣನಿಗೆ ಸೊರಬದ ಆಚೆ, ಕ್ಯಾಸನೂರಿನ ಹತ್ತಿರದ ಒಂದು ಹಳ್ಳಿಯಿಂದ ಹೆಣ್ಣು ತಂದರು. ಅದೇ ಬೇಸಿಗೆಯಲ್ಲಿ ನಾನು ಬಿ.ಎ. ಮುಗಿಸಿ ಮನೆಗೆ ಬಂದೆ. ಬರುವ ವರ್ಷ ಎಂ.ಎ.ಗೆ ಕಳಿಸುವ ಬಗ್ಗೆ ಅಪ್ಪ ಅರ್ಧ ಮಾತು ಕೊಟ್ಟಿದ್ದರು. ಇನ್ನರ್ಧ ಯಾವಾಗ ಕೊಡುತ್ತಾರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೀಗೆ ಒಂದೇ ವರ್ಷ ಇಬ್ಬರು ಹೆಂಗಸರು ಆ ಮನೆಯೊಳಗೆ ಕೂತೆವು. ಒಬ್ಬಳು ಹೊಸದಾಗಿ ಬಂದವಳು, ಒಬ್ಬಳು ವಾಪಸು ಬಂದವಳು.

ಮನೆ ಉದ್ದಕ್ಕೆ, ರೈಲು ಡಬ್ಬಿಯ ಹಾಗಿತ್ತು. ಎರಡು ಕಡೆಯೂ ಪಕ್ಕದವರ ಗೋಡೆ. ಮುಂದೊಂದು ಕಿಟಕಿ, ಹಿಂದೊಂದು ಬಾಗಿಲು. ನಡುಮನೆಗೆ ಹಗಲಲ್ಲೂ ದೀಪ ಬೇಕು. ಅತ್ತಿಗೆ ಹೊರಗೆ ಹೋಗುತ್ತಿದ್ದದ್ದು ನಲ್ಲಿಗೆ, ಶನಿವಾರ ಅಮ್ಮನ ಜೊತೆ ದೇವಸ್ಥಾನಕ್ಕೆ. ಅಷ್ಟೇ. ಯಾರೂ ಅವರನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಎಲ್ಲರೂ ಅವರ ಜೊತೆ ಒಳ್ಳೆಯವರಾಗಿಯೇ ಇದ್ದರು...

ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಅತ್ತಿಗೆ ತಮ್ಮ ಟ್ರಂಕಿನಿಂದ ಎರಡು ಕಟ್ಟು ಎಲೆ ತೆಗೆಯುತ್ತಿದ್ದರು. ಮದುವೆಗೆ ಬಂದಿದ್ದ ಪೌಡರ್ ಡಬ್ಬಿ ಮುಖಕ್ಕಿಂತ ಹೆಚ್ಚು ಎಲೆಗೇ ಖರ್ಚಾಯಿತು. ಅಮ್ಮನಿಗೆ ಇಸ್ಪೀಟು ಎಂದರೆ ಆಗದು. ದೀಪಾವಳಿಯಲ್ಲಿ ಒಂದು ದಿನ ಬಿಟ್ಟರೆ ಎಲೆ ಮನೆಯಲ್ಲಿ ಕಾಣಬಾರದು. ಅದಕ್ಕೆ ನಾವು ಪಿಸುಮಾತಿನಲ್ಲಿ ಆಡುತ್ತಿದ್ದೆವು.

"ಅಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಅತ್ತಿಗೆ?" ಎಂದು ಒಮ್ಮೆ ಕೇಳಿದೆ.

"ಮಂಗ ಕಲಿಸಿದ್ದು ಮಾರಾಯ್ತಿ" ಎಂದು ನಕ್ಕರು.

ಅವರು ಚಿಕ್ಕವರಿದ್ದಾಗ ಆ ಕಡೆ ಮಂಗನ ಕಾಯಿಲೆ ಶುರುವಾಗಿತ್ತು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದು ಸುದ್ದಿ ಬಂದರೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಬೇಸಿಗೆ ಪೂರ್ತಿ ಜಗಲಿಯ ಮೇಲೆ ಕಟ್ಟಿಹಾಕಿದ ಹಾಗೆ. ಆಗ ಅವರ ಅಪ್ಪ ಮಕ್ಕಳನ್ನು ಸುತ್ತ ಕೂರಿಸಿಕೊಂಡು ರಮ್ಮಿ ಕಲಿಸಿದರು. "ಹೊರಗೆ ಹೋಗ್ಲಿಕ್ಕೆ ಆಗ್ದೆ ಇದ್ದಾಗ ಆಡೋ ಆಟ ಇದು" ಎನ್ನುತ್ತಿದ್ದರು.

ಅವರು ಮೊದಲ ದಿನ ಹೇಳಿಕೊಟ್ಟದ್ದು ಸಾಲಿನ ವಿಷಯ. ಕೈಯಲ್ಲಿ ಹದಿಮೂರು ಎಲೆ. ಒಂದೇ ಜಾತಿಯ ಮೂರು ಎಲೆ ಒಂದರ ಹಿಂದೆ ಒಂದು ಬಂದರೆ ಸಾಲು: ಆಟೀನು ನಾಲ್ಕು, ಐದು, ಆರು. ಬೇರೆ ಬೇರೆ ಜಾತಿಯ ಮೂರು ಒಂಬತ್ತು ಕೂಡಿದರೂ ನಡೆಯುತ್ತದೆ. ಜೋಕರ್ ಇದ್ದರೆ ಯಾವ ಎಲೆಯ ಜಾಗಕ್ಕೂ ಹಾಕಬಹುದು. ಆದರೆ ಒಂದು ಸಾಲಾದರೂ ಜೋಕರ್ ಸೇರದೆ ಆಗಬೇಕು. ಅದಕ್ಕೆ ಒರಿಜಿನಲ್ ಎನ್ನುತ್ತಾರೆ. ಅದಿಲ್ಲದಿದ್ದರೆ ಮಿಕ್ಕದ್ದು ಎಷ್ಟು ಚೆನ್ನಾಗಿ ಕೂಡಿದ್ದರೂ ಇಡೀ ಕೈ ಸೋತ ಹಾಗೆ.

"ಜೋಕರ್ ಬಂತು ಅಂತ ಹಿಗ್ಗಬೇಡ" ಎನ್ನುತ್ತಿದ್ದರು. "ಅದು ಎಲ್ಲರ ಕೈಗೂ ಹೋಗ್ತದೆ. ಒರಿಜಿನಲ್ ಮಾತ್ರ ನೀನೇ ಮಾಡ್ಕೋಬೇಕು."

ಆಡುವಾಗ ಮೂರೂವರೆಗೆ ಸೊರಬದ ಬಸ್ಸು ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಅತ್ತಿಗೆಯ ಕೈ ಅಲ್ಲೇ ನಿಲ್ಲುತ್ತಿತ್ತು, ಎಲೆ ಅರ್ಧ ಎತ್ತಿದ ಹಾಗೆ. ಸದ್ದು ಪೂರ್ತಿ ಅಡಗಿದ ಮೇಲೆ ಎಲೆ ಇಡುತ್ತಿದ್ದರು. ನಾನು ಅದನ್ನು ಗಮನಿಸಿಯೂ ಗಮನಿಸದವಳ ಹಾಗೆ ಇರುತ್ತಿದ್ದೆ.

ಒಂದು ವಿಷಯಕ್ಕೆ ಮಾತ್ರ ನಮ್ಮಲ್ಲಿ ವಾದ ಬಂತು. ರಾಜನ ಮೇಲೆ ಎಕ್ಕ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಎಕ್ಕದ ಮೇಲೆ ಎರಡು, ಮೂರು, ಅದೂ ಗೊತ್ತು. ಆದರೆ ರಾಜ, ಎಕ್ಕ, ಎರಡು ಒಟ್ಟಿಗೆ ಇಟ್ಟರೆ? ಅತ್ತಿಗೆಯ ತವರಿನಲ್ಲಿ ಅದು ನಡೆಯುತ್ತಿತ್ತು. ಎಕ್ಕ ಬಾಗಿಲಿದ್ದ ಹಾಗೆ, ಎರಡೂ ಕಡೆ ತೆಗೆಯುತ್ತದೆ ಎನ್ನುತ್ತಿದ್ದರು. ಶಿಕಾರಿಪುರದಲ್ಲಿ ಹೆಚ್ಚಿನ ಮನೆಗಳಲ್ಲಿ ಒಪ್ಪುತ್ತಿರಲಿಲ್ಲ. ಎಕ್ಕಕ್ಕೆ ಮುಗಿಯಿತು, ಅಲ್ಲಿಂದ ಮುಂದೆ ಗೋಡೆ.

"ನಿಮ್ಮನೇಲಿ ಹೇಗೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು" ಎಂದರು.

ನನಗೆ ಸರಿಯಾಗಿ ನೆನಪಿತ್ತು. ಹಿಂದಿನ ದೀಪಾವಳಿಯಲ್ಲಿ ಅಪ್ಪ ಇಸ್ಪೀಟು ಜಾತಿಯ ರಾಜ, ಎಕ್ಕ, ಎರಡು ಇಟ್ಟೇ ಶೋ ಮಾಡಿದ್ದರು. ಆಗ ಆಡಲು ಕೂತಿದ್ದವರು ಅಪ್ಪ, ನನ್ನ ಸೋದರಮಾವ, ಜೊತೆಗೆ ಇನ್ನೂ ಆಟ ಸರಿಯಾಗಿ ಬಾರದ ನಾನು. ಅಣ್ಣ ಡ್ಯೂಟಿಯ ಮೇಲೆ ಊರಲ್ಲಿರಲಿಲ್ಲ. "ನಮ್ಮಲ್ಲೂ ನಡೆಯುತ್ತೆ, ಅಪ್ಪನೇ ಅದನ್ನಿಟ್ಟು ಗೆದ್ದಿದ್ದಾರೆ" ಎಂದೆ. ಅತ್ತಿಗೆ ತಲೆಯಾಡಿಸಿದರು. ಅಷ್ಟೊಂದು ಗಂಭೀರವಾಗಿ ಯಾಕೆ ಕೇಳಿದರೆಂದು ಆಗ ತಿಳಿಯಲಿಲ್ಲ.

ತಿಳಿದದ್ದು ದೀಪಾವಳಿಗೆ ಹದಿನೈದು ದಿನ ಮೊದಲು. ತವರಿನಿಂದ ಬಂದ ಚಕ್ಕುಲಿ ಡಬ್ಬಿಯ ತಳದಲ್ಲಿ ಒಂದು ಪತ್ರ ಇತ್ತು. ಮದುವೆಗೆ ಮೊದಲು ಅತ್ತಿಗೆ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದರಂತೆ, ಅಂದಿನಿಂದ ಉತ್ತರಕ್ಕೆ ಕಾಯುತ್ತಿದ್ದರಂತೆ. ಸೀಟು ಬಂದಿತ್ತು. ಹಬ್ಬ ಕಳೆದ ಮೇಲೆ ಒಂದು ವಾರದೊಳಗೆ ಶಿವಮೊಗ್ಗಕ್ಕೆ ಹೋಗಿ ಸೇರಬೇಕು. ಉಳಿಯಲು ಅವರ ಚಿಕ್ಕಮ್ಮನ ಮನೆ ಅಲ್ಲೇ ಇತ್ತು. ಅಣ್ಣನನ್ನು ಕೇಳಿದರು. ಅಪ್ಪ ಹೇಳಿದ ಹಾಗೆ ಎಂದ. ಅಪ್ಪನಿಗೆ ವಿಷಯ ಮುಟ್ಟಿಸಿದರೆ ಅದು ಗಂಡನ ಇಷ್ಟ ಎಂದರು. ಅಮ್ಮ, ಅವರಿಬ್ಬರೂ ಒಪ್ಪಿದರೆ ನನ್ನದೇನು ಎಂದಳು. ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅತ್ತಿಗೆ ಜಗಳವನ್ನಾದರೂ ಆಡಬಹುದಿತ್ತೇನೋ...

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಲಿಪಾಡ್ಯಮಿಯ ಮಧ್ಯಾಹ್ನ ಎಲ್ಲರೂ ಕೂತು ರಮ್ಮಿ ಆಡಬೇಕು. ದುಡ್ಡಿಲ್ಲ. ಕೊನೆಯ ಆಟ ಗೆದ್ದವರು ಏನು ಕೇಳಿದರೂ ಮನೆಯವರು ನಡೆಸಿಕೊಡಬೇಕು. ಅಪ್ಪ ಹಿಂದಿನ ವರ್ಷ ಗೆದ್ದು, ಒಂದು ತಿಂಗಳು ಹಾಗಲಕಾಯಿ ಮಾಡಬಾರದು ಎಂದು ಕೇಳಿದ್ದರು. ಅಮ್ಮ ಸಿಡುಕುತ್ತಲೇ ನಡೆಸಿದ್ದಳು. ಕೊಟ್ಟ ಮಾತು ತಪ್ಪಿದ್ದು ಯಾವತ್ತೂ ಇಲ್ಲ.

"ಈ ಸಲ ನಾನು ಗೆಲ್ತೇನೆ" ಎಂದರು ಅತ್ತಿಗೆ, ಪತ್ರ ಮಡಚುತ್ತಾ. ಅಷ್ಟನ್ನೇ.

ಆ ದಿನ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಅಪ್ಪ, ಅಣ್ಣ, ಅತ್ತಿಗೆ, ನಾನು, ಜೊತೆಗೆ ಪಕ್ಕದ ಬಟ್ಟೆ ಅಂಗಡಿಯ ಸಾಹೇಬರು. ಅವರು ಪ್ರತಿ ಹಬ್ಬಕ್ಕೂ ಹೋಳಿಗೆಗೆ ಬರುತ್ತಿದ್ದರು, ಆಟಕ್ಕೆ ಕೂತದ್ದು ಆ ವರ್ಷವೇ ಮೊದಲು. ಕೆಟ್ಟ ಎಲೆ ಬಂದಾಗಲೆಲ್ಲ ಜೋರಾಗಿ ನಿಟ್ಟುಸಿರು ಬಿಟ್ಟು, "ಏನ್ರೀ ಶಿರಸ್ತೇದಾರ್ರೇ, ಹೋಳಿಗೆ ಹಾಕಿದ ಕೈಲೆ ಹಿಂಥಾ ಎಲಿ ಹಾಕ್ತೀರಿ!" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅತ್ತಿಗೆ ಒಬ್ಬರೇ ನಗಲಿಲ್ಲ. ಎಲೆಗಳನ್ನು ಎದೆಯ ಹತ್ತಿರ ಹಿಡಿದು, ಎರಡು ಬೆರಳಿನಿಂದ ಜಾಗ ಬದಲಿಸುತ್ತಿದ್ದರು.

ಕೊನೆಯ ಆಟದಲ್ಲಿ ಐದಾರು ಸುತ್ತು ಕಳೆದಿರಬಹುದು. ಅತ್ತಿಗೆ ಒಂದು ಎಲೆ ಕವುಚಿ ಹಾಕಿ, "ಶೋ" ಎಂದರು. ಮೂರು ಒಂಬತ್ತು, ಮೂರು ಗುಲಾಮ. ಆಟೀನು ಐದು, ಆರು, ಜೋಕರ್, ಎಂಟು. ಕೊನೆಗೆ ಒರಿಜಿನಲ್ ಸಾಲು, ಕಳಾವರ್ ಜಾತಿಯದು: ರಾಜ, ಎಕ್ಕ, ಎರಡು.

"ಇದೆಲ್ಲಿಯ ಸೀಕ್ವೆನ್ಸು?" ಎಂದ ಅಣ್ಣ. ಅವನಿಗೆ ತಮಾಷೆ. "ಎಕ್ಕದ ಮೇಲೆ ಎರಡು ಹೇಗೆ ಬರುತ್ತೆ? ಸೊರಬದ ಕಾನೂನು ಸೊರಬದಲ್ಲಿ."

ಅತ್ತಿಗೆ ಅಣ್ಣನ ಕಡೆ ನೋಡಲಿಲ್ಲ. ಮಾವನ ಕಡೆ ನೋಡಲಿಲ್ಲ. ನೀವೇ ಹೋದ ವರ್ಷ ಇದನ್ನಿಟ್ಟಿರಲ್ಲ ಎಂದು ಸೊಸೆ ಮಾವನಿಗೆ ಹೇಳುವಂತಿರಲಿಲ್ಲ. ಹೋದ ವರ್ಷ ಅವರು ಈ ಮನೆಯಲ್ಲಿ ಇರಲೂ ಇಲ್ಲ. ಅವರು ನೋಡಿದ್ದು ನನ್ನನ್ನು.

ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಅದೇ ಕ್ಷಣ ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಕಚೇರಿಯಲ್ಲಿ ಯಾರದ್ದಾದರೂ ಅರ್ಜಿ ತಳ್ಳಿಹಾಕುವಾಗ ಹಾಗೆ ಮಾಡುತ್ತಾರೆಂದು ಅಣ್ಣ ಅಣಕಿಸುತ್ತಿದ್ದ. ನನ್ನ ಅರ್ಜಿಯೂ ಆ ಕನ್ನಡಕದ ಮುಂದೆಯೇ ಇತ್ತು. ಸಾಹೇಬರ ಎದುರು, ಹಬ್ಬದ ದಿನ, ನೀವೇ ಇಟ್ಟಿದ್ದಿರಿ ಅಪ್ಪ ಎಂದರೆ... ನಾನು ಕಣ್ಣು ತಗ್ಗಿಸಿ ನನ್ನ ಎಲೆಗಳನ್ನು ನೋಡಿದೆ. ಅದರಲ್ಲಿ ಕಳಾವರ್ ರಾಣಿ ಇತ್ತು. ನನಗೆ ಬೇಡದ ಎಲೆ, ಮುಂದಿನ ಸುತ್ತಿಗೆ ಎಸೆಯುವವಳಿದ್ದೆ. ನನ್ನ ನಂತರದ ಸರದಿಯ ಅತ್ತಿಗೆ ಅದನ್ನೆತ್ತಿಕೊಂಡು ಎರಡನ್ನು ಬಿಟ್ಟಿದ್ದರೆ ರಾಣಿ, ರಾಜ, ಎಕ್ಕ. ಯಾರ ಕಾನೂನಿಗೂ ಒಪ್ಪುವ ಸಾಲು. ನನ್ನ ಮಾತು ನಂಬಿದ್ದರಿಂದ ಅವರು ಕಾಯಲಿಲ್ಲ.

"ಎಕ್ಕ ಆದ್ಮೇಲೆ ದಾರಿ ಇಲ್ಲಮ್ಮ" ಎಂದರು ಅಪ್ಪ, ಮೃದುವಾಗಿ. ಅವರಿಗೆ ಹಿಂದಿನ ವರ್ಷದ್ದು ನೆನಪಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿಲ್ಲ. "ಏನು ಕೇಳಬೇಕು ಅಂತಿದ್ದೆ?"

ಅತ್ತಿಗೆ ಎಲೆಗಳನ್ನು ಕೂಡಿಸುತ್ತಿದ್ದರು. "ಏನಿಲ್ಲ ಮಾವ. ಒಂದು ಸೀರೆ ಕೇಳೋಣ ಅಂತ."

"ಅಷ್ಟೇನಾ! ಅದಕ್ಕೆ ಗೆಲ್ಲಬೇಕೇ?"

"ನಾಳೀನೇ ಅಂಗಡಿಗೆ ಬರ್ರಿ ತಂಗಿ, ನೀಲಿ ಒಂದು ಬಂದೈತಿ" ಎಂದರು ಸಾಹೇಬರು, ಖುಷಿಯಿಂದ. ಎಲ್ಲರಿಗೂ ನೆಮ್ಮದಿಯಾಯಿತು.

ಸೀರೆ ಬಂತು. ವಾರ ಕಳೆಯಿತು. ಒಂದು ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ನಾನೇ ಎಲೆ ತೆಗೆದು ಚಾಪೆಯ ಮೇಲಿಟ್ಟೆ. ಅತ್ತಿಗೆ ಅಕ್ಕಿ ಆರಿಸುತ್ತಿದ್ದರು. "ಬೇಡ ಮಾರಾಯ್ತಿ, ಕಣ್ಣು ನೋಯ್ತದೆ" ಎಂದರು. ಅಕ್ಕಿಯಲ್ಲಿ ಕಲ್ಲು ಹುಡುಕುವವರಿಗೆ ಎಲೆ ನೋಡಲು ಕಣ್ಣು ನೋಯುತ್ತದೆಯೇ ಎಂದು ನಾನು ಕೇಳಲಿಲ್ಲ. ಆಮೇಲೆ ಅವರು ಮತ್ತೆ ಆಡಿದ್ದನ್ನು ನಾನು ನೋಡಿಲ್ಲ. ಮೂರೂವರೆಯ ಹಾರನ್ ಕೇಳಿದಾಗ ಮಾತ್ರ ಮೊರದಲ್ಲಿದ್ದ ಕೈ ಹಾಗೇ ನಿಲ್ಲುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಅಪ್ಪ ನನಗೆ ಇನ್ನರ್ಧ ಮಾತನ್ನೂ ಕೊಟ್ಟರು. ಮೈಸೂರಿಗೆ ಹೊರಟ ದಿನ ಅತ್ತಿಗೆ ಆ ನೀಲಿ ಸೀರೆ ಉಟ್ಟು ಬಾಗಿಲವರೆಗೆ ಬಂದರು. ಅವಲಕ್ಕಿಯ ಪೊಟ್ಟಣ ಕೈಗಿಟ್ಟು, ಇನ್ನಾರಿಗೂ ಕೇಳದ ಹಾಗೆ ಹೇಳಿದರು: "ಅಲ್ಲಿ ಯಾರಾದ್ರೂ ಆಟಕ್ಕೆ ಕರೆದ್ರೆ ಮೊದ್ಲೇ ಕೇಳ್ಕೋ, ರಾಜ ಎಕ್ಕ ಎರಡು ನಡೀತದಾ ಅಂತ." ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ತಪ್ಪಾಯಿತು ಎಂದು ಈ ರಜೆಗೆ ಹೇಳೋಣ, ಮುಂದಿನ ರಜೆಗೆ ಹೇಳೋಣ ಎಂದುಕೊಂಡೆ. ಎರಡು ರಜೆ ಹಾಗೇ ಕಳೆದವು. ಎರಡನೇ ವರ್ಷದ ಬೇಸಿಗೆಯಲ್ಲಿ ಅವರ ತಾಯಿಗೆ ಕಾಯಿಲೆಯಾಯಿತು. ನೋಡಿಕೊಳ್ಳಲೆಂದು ಅಪ್ಪನೇ ಅವರನ್ನು ಸೊರಬದ ಬಸ್ಸು ಹತ್ತಿಸಿದರು. ತಾಯಿ ಚೇತರಿಸಿಕೊಂಡರು. ಸೊಪ್ಪು ತರಲು ಕಾಡಿನಂಚಿಗೆ ಹೋಗಿದ್ದ ಅತ್ತಿಗೆಗೆ ಜ್ವರ ಬಂತು. ಅದೇ ಮಂಗನ ಕಾಯಿಲೆ. ಅಣ್ಣನ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಗೆ ಹೋದಾಗ ಟ್ರಂಕಿನಲ್ಲಿ ತರಬೇತಿಯ ಪತ್ರ ಹುಡುಕಿದೆ. ಸಿಗಲಿಲ್ಲ. ಎಲೆಗಳೂ ಸಿಗಲಿಲ್ಲ. ಪೌಡರ್ ಡಬ್ಬಿ ಇತ್ತು, ಬರಿದು...

ಹಾಸ್ಟೆಲಿನ ಕೋಣೆಯಲ್ಲಿ ಆ ಮೂವರ ದನಿ ಏರಿತ್ತು. ಒಬ್ಬರು ಶೋ ಮಾಡಿದ್ದರು, ಇನ್ನಿಬ್ಬರು ಒಪ್ಪುತ್ತಿರಲಿಲ್ಲ. ಇದು ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಮೂರು ಜನ ಮೂರು ಊರಿನವರು ರಮ್ಮಿಗೆ ಕೂತರೆ ಆ ವಾದ ಬರದೆ ಇರುವುದಿಲ್ಲ.

"ಇವರನ್ನೇ ಕೇಳಿ" ಎಂದರು ಶೋ ಮಾಡಿದವರು. "ಮೇಡಂ, ಆಡೋಕೆ ಬರದಿದ್ರೂ ನೋಡಿರ್ತೀರಲ್ಲ. ನಿಮ್ಮ ಕಡೆ ರಾಜ ಎಕ್ಕ ಎರಡು ನಡೆಯುತ್ತಾ?"

ನಾನು ಪುಸ್ತಕ ಮುಚ್ಚಿದೆ. "ನಮ್ಮನೆಯಲ್ಲಿ ನಡೆಯುತ್ತೆ. ಅಪ್ಪ ಅದನ್ನಿಟ್ಟೇ ಗೆದ್ದಿದ್ದಾರೆ. ನಾನು ಅಲ್ಲೇ ಕೂತು ನೋಡಿದ್ದೇನೆ."

"ನೋಡಿದ್ರಾ, ನೋಡಿದ್ರಾ!" ಎಂದು ಆಕೆ ಚಪ್ಪಾಳೆ ತಟ್ಟಿದರು. ಉಳಿದಿಬ್ಬರು ಗೊಣಗಿದರು, ಒಪ್ಪಿದರು. ಅಷ್ಟಕ್ಕೇ ಮುಗಿಯಿತು. ಯಾರೂ ಕನ್ನಡಕ ತೆಗೆಯಲಿಲ್ಲ. ಮೂರು ವಾಕ್ಯ, ಅದೂ ಸಣ್ಣವು.

ಮುಂದಿನ ಆಟಕ್ಕೆ ಹಂಚುವಾಗ ಕೇಳದೆಯೇ ನನಗೂ ಹಾಕಿದರು. ಹದಿಮೂರು ಎಲೆ ಮಂಚದ ಅಂಚಿನಲ್ಲಿ ಬೋರಲಾಗಿ ಬಿದ್ದವು, ಪೌಡರಿನ ವಾಸನೆಯ ಜೊತೆ. ನಾನು ಅವನ್ನು ಎತ್ತಿಕೊಳ್ಳಲಿಲ್ಲ.