ಡಬ್ಬಿಯಲ್ಲಿಟ್ಟ ಏಳು ಕಾರ್ಡು

ಕೊಟ್ಟೂರಿನ ಮೌನೇಶನ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷದ ನೆಗೆಟಿವ್‌ಗಳಿದ್ದವು. ಬಿಸ್ಕತ್ತಿನ ಡಬ್ಬಿಗಳ ತುಂಬ, ಒಂದೊಂದು ಡಬ್ಬಿಗೂ ಒಂದೊಂದು ಊರಿನ ಚೀಟಿ. ಸತ್ತವರ ಮುಖ ಬೇಕೆಂದು ಬಂದ ಯಾರನ್ನೂ ಅವನು ಬರಿಗೈಲಿ ಕಳಿಸಿದವನಲ್ಲ.

ಎರಡು ಸಾವಿರದ ಐದರಲ್ಲಿ ಅವನೂ ಡಿಜಿಟಲ್ ಕ್ಯಾಮೆರಾ ಕೊಂಡ. ಹಗರಿಬೊಮ್ಮನಹಳ್ಳಿಯಲ್ಲಿ ಕಲರ್ ಲ್ಯಾಬ್ ಇಟ್ಟಿದ್ದ ಗೆಳೆಯ ಯರ್ರಿಸ್ವಾಮಿ, ಅಂಚೆಚೀಟಿಯಷ್ಟು ಮೆಮೊರಿ ಕಾರ್ಡನ್ನು ನೀರಿನ ಲೋಟದಲ್ಲಿ ಮುಳುಗಿಸಿದ. ಬಿಸಿಲಿಗೆ ಒಣಗಿಸಿ ಕ್ಯಾಮೆರಾಕ್ಕೆ ಹಾಕಿದರೆ ಫೋಟೋಗಳೆಲ್ಲ ಇದ್ದಹಾಗೇ ಇದ್ದವು.

"ನೋಡಲೇ, ನೀ ಸತ್ರೂ ಇದು ಸಾಯಂಗಿಲ್ಲ."

ಮೌನೇಶ ನಂಬಿದ. ಕಾರ್ಡು ತುಂಬಿದಾಗ ಬಸ್ಸಿನಲ್ಲಿ ಲ್ಯಾಬಿಗೆ ಕಳಿಸುವನು. ಹೇಳಿದ ಪ್ರಿಂಟುಗಳ ಜೊತೆ ಕಾರ್ಡು ತಿರುಗಿ ಬರುವುದು. ನೆಗೆಟಿವ್ ಇಟ್ಟಂತೆಯೇ ಅದನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಯರ್ರಿಸ್ವಾಮಿಯಿಂದಲೇ ಹೊಸದು ತರಿಸುವನು. ವರ್ಷದಲ್ಲಿ ಏಳು ಕಾರ್ಡಾದವು.

ನಾಲ್ಕನೆಯದರಲ್ಲಿ ಕುರಿಗಾಹಿ ಅಕ್ಕ-ತಂಗಿ ಕರಿಯಕ್ಕ, ಅಂಜಿನಕ್ಕ ಇದ್ದರು. ಇಬ್ಬರಿಗೂ ಅದು ಮೊದಲ ಫೋಟೋ.

"ಕುರಿ ಹೊಡ್ಕಂಡು ಹೊಂಟೀವಿ ತಮ್ಮಾ. ಈಗ ಕೊಟ್ರ ಗಂಟಿನಾಗ ಮುದುಡಿ ಹಾಳಾಕ್ಕತಿ. ನಿನ್ನತ್ರನ ಇರ್ಲಿ" ಎಂದು ಹೋದರು. ಅವರ ಫೋಟೋಕ್ಕೆ ಪ್ರಿಂಟು ಹೇಳದೆಯೇ ಮೌನೇಶ ಆ ಕಾರ್ಡನ್ನು ಲ್ಯಾಬಿಗೆ ಕಳಿಸಿ, ತಿರುಗಿ ಬಂದಾಗ ಡಬ್ಬಿಯಲ್ಲಿಟ್ಟಿದ್ದ.

ಆರು ತಿಂಗಳಿಗೆ ಅಂಜಿನಕ್ಕ ಒಬ್ಬಳೇ ಬಂದಳು. ಅಡವಿಯಲ್ಲಿ ಹಾವು ಕಚ್ಚಿ ಕರಿಯಕ್ಕ ತೀರಿಕೊಂಡಿದ್ದಳು.

"ಅಕ್ಕನ ಮಾರಿ ಇರೋ ಫೋಟೋ ಕೊಡು ತಮ್ಮಾ."

ಮೌನೇಶ ಆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದ. ಏನೂ ಇಲ್ಲ. ಐದನೆಯದು ಹಾಕಿದ, ಆರನೆಯದು ಹಾಕಿದ. ಏಳೂ ಖಾಲಿ. ಲ್ಯಾಬಿಗೆ ಫೋನು ಮಾಡಿದ.

"ಪ್ರಿಂಟ್ ಹಾಕಿದ ಮ್ಯಾಲ ಅಳಿಸೇ ಕೊಡ್ತೀನಲ್ಲಲೇ, ಎಲ್ಲಾರಿಗೂ" ಎಂದ ಯರ್ರಿಸ್ವಾಮಿ. "ಮತ್ತ ತುಂಬಿಸ್ಕೊಳ್ಳಾಕ ಬೇಕಲ್ಲ?"

"ಮತ್ತ ತುಂಬಂಗಿದ್ರ ನನಗ ಏಳು ಯಾಕ ಮಾರಿದಿ?"

ಆ ಕಡೆ ನಗು. "ನೀ ಕೇಳಿದಿ, ನಾ ಕೊಟ್ಟೆ. ಲ್ಯಾಬಿನಾಗ ಎಲ್ಲಾರೂ ಅಂತಿದ್ರು, ಕೊಟ್ಟೂರಾಂವ ಕಾರ್ಡಿನ ಉಪ್ಪಿನಕಾಯಿ ಹಾಕ್ತಾನೇನಂತ."

ಅಂದರೆ ವರ್ಷವಿಡೀ ನಕ್ಕಿದ್ದಾರೆ. ಒಂದು ಮಾತು ಹೇಳಲಿಲ್ಲ. ಮೌನೇಶ ಫೋನಿಟ್ಟು, ಬೆಂಚಿನ ಮೇಲೆ ಕೂತಿದ್ದ ಅಂಜಿನಕ್ಕನ ಎದುರು ನಿಂತ.

"ಲ್ಯಾಬಿನಾಂವ ಅಳಿಸಿಬಿಟ್ಟಾನಕ್ಕಾ. ನನಗೂ ಮೋಸ ಮಾಡ್ಯಾನ."

ಅಂಜಿನಕ್ಕ ಗಂಟು ಎತ್ತಿಕೊಂಡಳು.

"ಅಂವ ಯಾರಂತ ನನಗೇನು ಗೊತ್ತು ತಮ್ಮಾ? ನಾ ಅಕ್ಕನ್ನ ಕರ್ಕಂಡು ಬಂದಿದ್ದು ನಿನ್ನ ಅಂಗಡಿಗೆ."

ಎದ್ದು ಮೆಟ್ಟಿಲಿಳಿದಳು. ಕೂಗಿ ಕರೆಯಲು ಮೌನೇಶ ಬಾಯಿ ತೆರೆದ. ಕರೆದರೆ ಕೊಡಲು ಏನೂ ಇರಲಿಲ್ಲ.