ಹಗ್ಗದ ಮೇಲೆ ಉಳಿದ ಹಳದಿ ಅಂಗಿ

"ಮ್ಯಾಚಿನ ಸುದ್ದಿಗೆ ಪೇಪರ್ ಯಾಕ್ರೀ, ಹಗ್ಗದಕ್ಕನ ಹಗ್ಗ ನೋಡಿದ್ರೆ ಸಾಕು" ಎನ್ನುತ್ತಿದ್ದರು ಆ ಬೀದಿಯ ಜನ. ಎದುರು ಅಂಗಡಿಯ ಟೈಲರ್ ಅದಕ್ಕೊಂದು ಬಾಲ ಅಂಟಿಸುತ್ತಿದ್ದ: "ಪೇಪರ್ ಸುಳ್ಳು ಹೇಳುತ್ತೆ. ಹಗ್ಗ ಹೇಳಲ್ಲ."

ಅವರು ಹೇಳುತ್ತಿದ್ದದ್ದರಲ್ಲಿ ಅತಿಶಯವೇನೂ ಇರಲಿಲ್ಲ. ಫುಟ್‌ಬಾಲ್ ಮೈದಾನದ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಎರಡು ಕೋಣೆಯ ಮನೆ ಅದು. ಊರಿನ ತಂಡದ ಬಟ್ಟೆ ಒಗೆಯುವವರಿಗೆಂದು ತಂಡವೇ ಕೊಟ್ಟದ್ದು. ತಾರಸಿಯ ಮೇಲೆ ನೀರಿನ ಟ್ಯಾಂಕಿನಿಂದ ಗ್ಯಾಲರಿಯ ಕಂಬಕ್ಕೆ ಎಳೆದ ಹಗ್ಗ, ಹಗ್ಗದ ತುಂಬ ನೀಲಿ ಅಂಗಿಗಳು, ತುದಿಯಲ್ಲಿ ಗೋಲು ಕಾಯುವವನ, ಅಂದರೆ ಗೋಲಿಯ, ಹಳದಿ ಅಂಗಿ ಒಂದು, ಬದಲಿ ಗೋಲಿಯ ಹಸಿರು ಅಂಗಿ ಇನ್ನೊಂದು. ಮ್ಯಾಚಿನ ದಿನ ಬೆಳಿಗ್ಗೆ ಕೋಚ್ ಕಡೆಯಿಂದ ಚೀಟಿ ಬರುತ್ತಿತ್ತು. ಚೀಟಿಯಲ್ಲಿದ್ದ ನಂಬರಿನ ಅಂಗಿಗಳು ಹಗ್ಗದಿಂದ ಇಳಿದು ಬುಟ್ಟಿ ಸೇರುತ್ತಿದ್ದವು. ಹಗ್ಗದ ಮೇಲೆ ಯಾರ ಅಂಗಿ ಉಳಿಯಿತೋ ಅವನು ಅವತ್ತು ಆಡುವುದಿಲ್ಲ. ಹನ್ನೊಂದು ವರ್ಷದಿಂದ ಬೀದಿಯವರು ಹೀಗೇ ಕತ್ತೆತ್ತಿ ಸುದ್ದಿ ಓದಿಕೊಳ್ಳುತ್ತಿದ್ದರು. ಅದಕ್ಕೇ ಅವಳು ಎಲ್ಲರ ಬಾಯಲ್ಲಿ ಹಗ್ಗದಕ್ಕ.

ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಗಂಡ ಇದೇ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದವನು. ಒಮ್ಮೆ ಕುಂಟೆಯ ಹಲ್ಲು ಪಾದಕ್ಕೆ ಚುಚ್ಚಿತು. "ಇನ್ನೆರಡು ದಿನಕ್ಕೆ ಮ್ಯಾಚು, ಆಮೇಲೆ ನೋಡೋಣ" ಅಂದ. ಎರಡು ದಿನ ಆರು ದಿನವಾಯಿತು. ಮೊದಲು ಕಾಲು ಹೋಯಿತು, ತಿಂಗಳೊಳಗೆ ಅವನೂ ಹೋದ. ಮೊದಲು ತಂಡದ ಬಟ್ಟೆ ಒಗೆಯುತ್ತಿದ್ದವಳು ಅತ್ತೆಯೇ. ಈಗ ಅವಳಿಗೆ ಮಂಡಿ ಮಡಚಲು ಬರುವುದಿಲ್ಲ, ಬಾಯಿ ಮಾತ್ರ ಗಟ್ಟಿ. ಒಗೆದ ಸಾಕ್ಸುಗಳನ್ನು ಮಡಿಲಲ್ಲಿ ಹರಡಿಕೊಂಡು ಜೋಡಿ ಹಾಕುವುದು ಅವಳ ಕೆಲಸ. "ಇಪ್ಪತ್ತೆರಡು ಕಾಲಿಗೆ ಸಂಬಂಧ ಕುದುರಿಸ್ತೀನಿ ನಾನು, ಒಂದೂ ಮುರಿದುಬಿದ್ದಿಲ್ಲ" ಎನ್ನುತ್ತಿದ್ದಳು.

ಇನ್ನು ತಂಡದ ಪಾಡು ಕೇಳಿ. ಲಕ್ಷ ಲಕ್ಷ ಜನ ತುಂಬಿದ ಊರು, ಹನ್ನೆರಡು ಸಾವಿರ ಸೀಟಿನ ಮೈದಾನ, ಬರುತ್ತಿದ್ದವರು ಮಾತ್ರ ಎರಡು ಸಾವಿರ. ಇದೇ ಬೀದಿಯಲ್ಲಿ ಬೆಳೆದವನೊಬ್ಬ ಗೋಲಿಯಾಗಿ ನಿಂತ ಮೇಲೆ ಅದು ಆರು, ಏಳು ಸಾವಿರಕ್ಕೆ ಏರಿತು. ಎದುರಾಳಿ ಹೇಗೆ ಒದ್ದರೂ ಅವನು ಚೆಂಡು ಬಿಡುತ್ತಿರಲಿಲ್ಲ. ಜನ ಅವನಿಗೆ 'ಗೋಡೆ' ಎಂದು ಹೆಸರಿಟ್ಟರು. ಇಷ್ಟಾದರೂ ತಂಡದ ಯಜಮಾನರಿಗೆ ಸಾಲಲಿಲ್ಲ. ಕೊನೆಯ ಮ್ಯಾಚಿಗೆ ಎಂಟು ಸಾವಿರ ಜನ ಬಂದರೆ ಇನ್ನೊಂದು ವರ್ಷ ನಡೆಸುತ್ತೇನೆ, ಇಲ್ಲದಿದ್ದರೆ ತಂಡವನ್ನು ಬೇರೆ ಊರಿಗೆ ಕೊಟ್ಟುಬಿಡುತ್ತೇನೆ ಎಂದು ಹೇಳಿಬಿಟ್ಟರು. ಆ ಊರು ಇದರ ಕಾಲುಭಾಗವೂ ಇಲ್ಲ. ಆದರೆ ಅಲ್ಲಿನವರು ವರ್ಷವಿಡೀ ಮ್ಯಾಚು ನೋಡಲು ಆಗಲೇ ಹೆಸರು ಬರೆಸಿ ಕಾಯುತ್ತಿದ್ದರು.

"ಚಿಕ್ಕ ಊರಲ್ಲಿ ಸಂಜೆ ಆದ್ರೆ ಮಾಡೋಕೇನೂ ಇರಲ್ಲ, ಅದಕ್ಕೆ ಹೋಗ್ತಾರೆ" ಎಂದು ಟೈಲರ್ ಕತ್ತರಿ ಆಡಿಸುತ್ತಾ ಹೇಳಿದ. "ನಮ್ಮೂರಲ್ಲಿ ಎಲ್ಲರಿಗೂ ಎಲ್ಲಾ ಇದೆ. ಅದಕ್ಕೇ ಯಾರಿಗೂ ಏನೂ ಬೇಡ."

"ನೀನು ಹೋಗ್ತೀಯೇನಪ್ಪ?" ಎಂದು ಅತ್ತೆ ಬಾಗಿಲಿಂದಲೇ ಕೇಳಿದಳು.

"ನಮ್ಮ ಗೋಡೆ ಆಡಿದ್ರೆ ಅಂಗಡಿ ಮುಚ್ಚಿ ಹೋಗ್ತೀನಿ ಅಜ್ಜಿ. ಅವನಿಲ್ಲದ ಮ್ಯಾಚು ಯಾರಿಗೆ ಬೇಕು?"

ಮ್ಯಾಚಿನ ಹಿಂದಿನ ದಿನ ಮಧ್ಯಾಹ್ನ, ಅಭ್ಯಾಸದ ಬಟ್ಟೆಗಳ ಮೂಟೆ ಬಂತು. ಹಗ್ಗದಕ್ಕ ಬಚ್ಚಲಲ್ಲಿ ಕೂತು ಬೇರ್ಪಡಿಸತೊಡಗಿದಳು. ಒಂದು ವಾರದಿಂದ ಅವಳ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಗೋಡೆಯ ಎಡಗಾಲಿನ ಸಾಕ್ಸು ದಿನವೂ ಜಾಲಿಸಿ ಹಿಂಡಿಕೊಂಡೇ ಬರುತ್ತಿತ್ತು. ತಾನು ನೀರು ಕುಡಿದ ಲೋಟ ತೊಳೆಯದವನು ಒಂದೇ ಒಂದು ಸಾಕ್ಸು ತೊಳೆಯುವುದೆಂದರೇನು? ಅವತ್ತು ಮರೆತಿದ್ದ. ಸಾಕ್ಸು ಹಾಗೇ ಬಂದಿತ್ತು. ಮೊಣಕಾಲ ಕೆಳಗಿನ ಜಾಗದಲ್ಲಿ ಹಳದಿ ಕಲೆ, ಕಲೆಯ ಸುತ್ತ ಕಂದು ಅಂಚು. ಮೂಗಿನ ಹತ್ತಿರ ತಂದಳು. ಹನ್ನೆರಡು ವರ್ಷದ ಹಿಂದೆ ಪಕ್ಕದ ಕೋಣೆಯ ಮಂಚದಿಂದ ಬರುತ್ತಿದ್ದ ವಾಸನೆಯೇ.

ಅದನ್ನವಳು ನೀರಿಗೆ ಹಾಕಲಿಲ್ಲ. ಪಕ್ಕಕ್ಕಿಟ್ಟಳು. ಹತ್ತೇ ನಿಮಿಷಕ್ಕೆ ಗೋಡೆ ಬಾಗಿಲಲ್ಲಿ ನಿಂತಿದ್ದ.

"ಅಕ್ಕ, ನನ್ನ ಸಾಕ್ಸ್ ಇಲ್ಲಿಗೆ ಬಂತಾ?"

"ಎರಡೂ ಬಂದಿದೆ. ನಿಂಗೆ ಯಾವುದು ಬೇಕು?"

ಅವನು ಎಡಗಾಲನ್ನು ಹಿಂದಕ್ಕೆ ಸರಿಸಿದ.

"ಪ್ಯಾಂಟ್ ಎತ್ತು."

"ಏನಿಲ್ಲಕ್ಕ, ಯಾರದೋ ಬೂಟು ತಾಗಿ ಸ್ವಲ್ಪ ತರಚಿದೆ ಅಷ್ಟೆ."

"ಎತ್ತು ಅಂದೆ."

ಎತ್ತಿದ. ಅಂಗೈಯಷ್ಟಗಲ ಕೆಂಪು ಊತ, ನಡುವೆ ಬಾಯಿ ಬಿಟ್ಟ ಗಾಯ. ಅದರಿಂದ ಎದ್ದ ಸಣ್ಣ ಕೆಂಪು ಗೆರೆಯೊಂದು ಮಂಡಿಯ ಕಡೆ ಹತ್ತುತ್ತಿತ್ತು.

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದ್ರೆ ಆಡೋಕೆ ಬಿಡ್ತಾರಾ? ಒಂದೇ ಒಂದು ದಿನ ಅಕ್ಕ. ನಾಳೆ ಮ್ಯಾಚು ಮುಗಿದ ತಕ್ಷಣ ಸೀದಾ ಆಸ್ಪತ್ರೆಗೇ ಹೋಗ್ತೀನಿ, ನಿನ್ನಾಣೆ. ನಾನಿಲ್ಲ ಅಂದ್ರೆ ಜನ ಬರಲ್ಲ. ಜನ ಬರದಿದ್ರೆ ತಂಡ ಇರಲ್ಲ. ತಂಡ ಹೋದ್ರೆ ಈ ಮನೆ ನಿಮಗೆ ಬಿಡ್ತಾರಾ? ಅಜ್ಜಿ ಎಲ್ಲಿಗೆ ಹೋಗ್ಬೇಕು?"

ಅವನು ಹೋದ ಮೇಲೆ ಅತ್ತೆ ಒಳಕೋಣೆಯಿಂದ ಅಂದಳು: "ಸರಿಯಾಗೇ ಹೇಳಿದ. ಒಂದು ದಿನ ತಾನೆ? ನೀನು ನಿನ್ನ ಪಾಡಿಗೆ ಒಗಿ. ಊರ ಉಸಾಬರಿ ನಮಗ್ಯಾಕೆ?"

"ಒಂದು ದಿನ ಅಂತ ನಿಮ್ಮ ಮಗನೂ ಹೇಳಿದ್ರು ಅತ್ತೆ."

"ಅವನ ಮಾತು ಎತ್ತಬೇಡ! ನಲವತ್ತು ವರ್ಷ ಈ ಛಾವಣಿ ಕೆಳಗೆ ಬಾಳಿದೀನಿ. ಸಾಯೋದೂ ಇಲ್ಲೇ. ನೀನು ಹೋಗಿ ಹೇಳಿದ್ರೆ ನಾಳೆ ನಾನು ಬೀದೀಲಿ ಕೂರಬೇಕಾಗುತ್ತೆ, ತಿಳ್ಕೋ."

ಅತ್ತ ದರಿ, ಇತ್ತ ಪುಲಿ. ಹಗ್ಗದಕ್ಕ ಬಚ್ಚಲಿಂದ ಆ ಸಾಕ್ಸು ತಂದು ಅತ್ತೆಯ ಮಡಿಲಿಗೆ ಹಾಕಿದಳು. ಹನ್ನೊಂದು ವರ್ಷದಲ್ಲಿ ಮುದುಕಿಯ ಮಡಿಲಿಗೆ ಒಗೆಯದ ಸಾಕ್ಸು ಬಿದ್ದದ್ದು ಅದೇ ಮೊದಲು.

"ಥೂ, ಇದೇನೇ..." ಎಂದು ಎತ್ತಿದ ಮುದುಕಿಯ ಕೈ ಅರ್ಧದಲ್ಲೇ ನಿಂತಿತು. ಆ ವಾಸನೆ ಅವಳಿಗೂ ಗೊತ್ತಿತ್ತು. ಕೊನೆಗೆ ಸೊಸೆಯ ಮುಖ ನೋಡದೆ, ಕೋಲಿನ ತುದಿಯಿಂದ ಬಾಗಿಲ ಬಳಿಯ ಚಪ್ಪಲಿಗಳನ್ನು ಅವಳ ಕಡೆ ದೂಡಿದಳು.

"ಹಾಕ್ಕೊಂಡು ಓಡು. ಕೋಚ್ ಮನೆಗೆ ಹೋಗೋದ್ರೊಳಗೆ ಹಿಡಿ."

ಕೋಚ್ ಮೈದಾನದ ಅಂಚಿನಲ್ಲಿ ಚೆಂಡುಗಳನ್ನು ಚೀಲಕ್ಕೆ ತುಂಬಿಸುತ್ತಿದ್ದರು. ಹಗ್ಗದಕ್ಕ ಹೇಳಿದ್ದನ್ನು ಕೇಳಿ, ಸಾಕ್ಸು ನೋಡಿ, ಚೀಲ ಕೆಳಗಿಟ್ಟರು.

"ಅಮ್ಮಾ, ಇದನ್ನ ನಾಳೆ ಸಂಜೆ ಹೇಳಿದ್ರೆ ಆಗ್ತಿರಲಿಲ್ವಾ?"

"ನನಗೆ ಆಗ್ತಿತ್ತು ಸಾರ್. ಕಾಲಿಗೆ ಆಗ್ತಿರಲಿಲ್ಲ."

ಅರ್ಧ ಗಂಟೆಯಲ್ಲಿ ಹಿಂದಿನ ಗೇಟಿನಿಂದ ಗೋಡೆಯನ್ನು ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ಕಾರು ಹತ್ತುವ ಮೊದಲು ಅವನು ಒಮ್ಮೆ ಅವಳ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮುಖ ತಿರುಗಿಸಿಕೊಂಡ. ಕೋಚ್ ಅವಳನ್ನು ಪಕ್ಕಕ್ಕೆ ಕರೆದರು. "ಆಟ ಶುರುವಾಗೋವರೆಗೂ ಇದು ಬೀದಿಗೆ ಗೊತ್ತಾಗಬಾರದು. ಚೀಟಿಯಲ್ಲಿ ಅವನ ನಂಬರ್ ಇರಲ್ಲ, ಆದ್ರೂ ಹಳದಿ ಅಂಗಿ ನಾಳೆ ಬುಟ್ಟಿಗೆ ಬರಲಿ. ತಿಳೀತಲ್ಲ?"

ತಿಳಿದಿತ್ತು. ರಾತ್ರಿಯೆಲ್ಲ ಅದನ್ನೇ ಜಪ ಮಾಡಿದಳು. ಆದರೆ ಬೆಳಿಗ್ಗೆ ಚೀಟಿ ಕೈಗೆ ಬಂತು ನೋಡಿ, ಕೈ ತನ್ನ ಹಳೇ ದಾರಿ ಹಿಡಿಯಿತು. ಆಸ್ಪತ್ರೆಯ ಯೋಚನೆಯಲ್ಲಿ ತಲೆ ಎಲ್ಲೋ ಇತ್ತು. ನಾಲ್ಕು, ಒಂಬತ್ತು, ಹದಿನೇಳು, ಬದಲಿ ಗೋಲಿಯ ಹಸಿರು. ಚೀಟಿಯಲ್ಲಿದ್ದದ್ದು ಇಳಿಯಿತು, ಇಲ್ಲದ್ದು ಉಳಿಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಬುಟ್ಟಿ ಬಿಚ್ಚಿದಾಗಲೇ ಅವಳಿಗೆ ಹಳದಿ ಅಂಗಿ ನೆನಪಾದದ್ದು.

ಏದುಸಿರು ಬಿಡುತ್ತಾ ಓಡಿ ಬಂದಳು. ಆಗಲೇ ಟೈಲರ್ ಬೀದಿ ನಡುವೆ ನಿಂತಿದ್ದ, ಕೊರಳಲ್ಲಿ ಅಳತೆ ಪಟ್ಟಿ, ಕಣ್ಣು ತಾರಸಿಯ ಮೇಲೆ. ಅವನ ಸುತ್ತ ಹತ್ತಾರು ಜನ. ಬಿಸಿಲಿಗೆ ಹಳದಿ ಅಂಗಿ ಒಂಟಿಯಾಗಿ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಹಗ್ಗದಕ್ಕ, ನಮ್ಮ ಹುಡುಗ ಆಡಲ್ವಾ?"

ಇನ್ನೂ ಒಣಗಿಲ್ಲ, ಅದಕ್ಕೇ ಬಿಟ್ಟೆ, ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದಳು. ಒಂದು ಅಕ್ಷರವೂ ಹೊರಡಲಿಲ್ಲ.

"ಗೊತ್ತಾಯ್ತು ಬಿಡಿ" ಎಂದ ಟೈಲರ್. ಅವತ್ತು ಅವನು ಅಂಗಡಿ ಮುಚ್ಚಲಿಲ್ಲ.

ಮೂರು ಗಂಟೆಗೆ ಅವಳು ತಾರಸಿಯ ಮೇಲೆ ನಿಂತು ಗೇಟಿನ ಕಡೆ ನೋಡುತ್ತಿದ್ದಳು. ಸಾಲು ಹನುಮಂತನ ಬಾಲವಾಗುತ್ತದೆಂದು ಕಾದದ್ದು ಇಲಿಯ ಬಾಲವಾಗಿತ್ತು. "ಬಂದ್ರಾ?" ಎಂದು ಅತ್ತೆ ಕೆಳಗಿನಿಂದ ಕೂಗುವಳು. "ಬರ್ತಿದಾರೆ" ಎಂದು ಇವಳು. ಬಸ್ಸಿನಿಂದ ಇಳಿದ ಗುಂಪೊಂದು ಬೀದಿಯ ತುದಿಯಲ್ಲಿ ಯಾರದೋ ಮಾತು ಕೇಳಿ, ಸ್ವಲ್ಪ ಹೊತ್ತು ನಿಂತು, ಬಂದ ದಾರಿ ಹಿಡಿಯಿತು. ಆಟ ಶುರುವಾಗಿ ಅರ್ಧ ಗಂಟೆಗೆ ಮೈಕಿನಲ್ಲಿ ಲೆಕ್ಕ ಹೇಳಿದರು: ಐದು ಸಾವಿರದ ಮುನ್ನೂರು. ತಮಾಷೆ ನೋಡಿ, ಹಸಿರು ಅಂಗಿಯವನು ಒಂದು ಚೆಂಡೂ ಬಿಡಲಿಲ್ಲ. ಒಂದು ಗೋಲಿನಿಂದ ತಂಡ ಗೆದ್ದಿತು. ಗೆದ್ದದ್ದನ್ನು ನೋಡಲು ಯಜಮಾನರ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ತಂಡ ಆ ಚಿಕ್ಕ ಊರಿನ ಪಾಲಾಯಿತು. ಇಷ್ಟು ದೊಡ್ಡ ಊರಿಗೆ ಒಂದು ತಂಡ ಸಾಕುವ ಯೋಗ್ಯತೆ ಇಲ್ಲವೇ ಎಂದು ಪೇಪರಿನವರು ವಾರವಿಡೀ ಬರೆದರು. ಬೀದಿಯಲ್ಲಿ ಅಷ್ಟುದ್ದದ ಚರ್ಚೆ ಇರಲಿಲ್ಲ. "ಅವಳು ಬಾಯಿ ಮುಚ್ಕೊಂಡಿದ್ರೆ ತಂಡ ಉಳೀತಿತ್ತು" ಎಂದರು. ಉಳಿಯುತ್ತಿತ್ತೋ ಇಲ್ಲವೋ, ಕಂಡವರಾರು? ಟೈಲರ್ ಮಾತು ಬಿಟ್ಟ. ಅವನು ಒಂದು ದಿನ ಬೇಕೆಂದೇ ಜೋರಾಗಿ ಗೊಣಗಿದಾಗ ಅತ್ತೆ ಕೋಲೂರಿಕೊಂಡು ಹೊಸಿಲಿಗೆ ಬಂದಳು.

"ಏನಪ್ಪಾ, ಇಷ್ಟು ದೊಡ್ಡ ಊರು ಒಬ್ಬ ಹುಡುಗನ ಒಂದು ಕಾಲಿನ ಮೇಲೆ ನಿಂತಿತ್ತಾ? ಹಾಗಾದ್ರೆ ಅದು ಬೀಳಬೇಕಾದ್ದೇ. ನಿನ್ನ ಎರಡು ಕಾಲು ಗಟ್ಟಿಯಾಗಿದ್ವಲ್ಲ, ಅವತ್ತು ಯಾಕೆ ಮೈದಾನಕ್ಕೆ ಬರಲಿಲ್ಲ?"

ಟೈಲರ್ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದ. ಮೂರು ಸಲ ತಪ್ಪಿತು.

ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಕಾಗದ ಬಂತು. ಹಗ್ಗದಕ್ಕನಿಗೆ ಊರಿನ ಇನ್ನೊಂದು ಮೂಲೆಯ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಅಲ್ಲೇ ಹತ್ತಿರ ತಂಗಿಯ ಮನೆಯಲ್ಲಿ ಒಂದು ಕೋಣೆ. ಗೋಡೆಯ ಕಾಲಿನ ಗಾಯ ಕೊಯ್ದು ಕೀವು ತೆಗೆದರೆಂದು ಕೇಳಿದ್ದಳು. ಎರಡು ಸಲ ನೋಡಲು ಹೋದಳು. ಎರಡು ಸಲವೂ ಅವನು ನಿದ್ದೆ ಬಂದವನಂತೆ ಮಲಗಿದ್ದ.

ಹೊರಡುವ ದಿನ ಬೆಳಿಗ್ಗೆ ಸಾಮಾನಿನ ಗಾಡಿ ಬೀದಿಯಲ್ಲಿ ನಿಂತಿತ್ತು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಆಗಿತ್ತು. ಹಗ್ಗ ಬಿಚ್ಚಿ ಸುತ್ತಿಕೊಂಡು ತಾರಸಿಯಿಂದ ಇಳಿದಾಗ, ಖಾಲಿ ಕೋಣೆಯಲ್ಲಿ ದೊಡ್ಡ ಒಗೆಯುವ ತೊಟ್ಟಿಯ ಪಕ್ಕ ಗೋಡೆ ನಿಂತಿದ್ದ. ತೆಳ್ಳಗಾಗಿದ್ದ.

"ಆ ಊರಿನವರು ನನ್ನ ಕರೀಲಿಲ್ಲ ಅಕ್ಕ. ಕಾಲು ನೋಡಿ ಮುಂದಿನ ವರ್ಷ ಹೇಳ್ತಾರಂತೆ."

"ಹ್ಞೂಂ."

"ನಿನ್ನ ಮೇಲೆ ಸಿಟ್ಟಿದೆ."

"ಇರಲಿ."

ಅವನು ಬಗ್ಗಿ ತೊಟ್ಟಿಯನ್ನು ಹೆಗಲಿಗೇರಿಸಿಕೊಂಡ. ಹೊರಗೆ ಆರು ಮೆಟ್ಟಿಲು. ಅವಳು ಒಳಗೇ ನಿಂತು ಕಿವಿಗೊಟ್ಟಳು. ಮೊದಲ ಮೆಟ್ಟಿಲು, ಎರಡನೆಯದು. ಎಡಗಾಲು ಬಿದ್ದ ಸದ್ದು ಯಾವುದು, ಬಲಗಾಲಿನದು ಯಾವುದು, ಎಷ್ಟು ಕೇಳಿದರೂ ಗೊತ್ತಾಗಲಿಲ್ಲ. ಎರಡೂ ಒಂದೇ ತೂಕ. ಆರೂ ಮೆಟ್ಟಿಲು ಮುಗಿದ ಮೇಲೆ ಅವಳು ಹಗ್ಗವನ್ನು ತೋಳಿಗೇರಿಸಿಕೊಂಡು, ಹೊರಗೆ ಬಂದು, ಬಾಗಿಲು ಎಳೆದುಕೊಂಡಳು.